ಕ್ಯಾರಿನ್ಯಾನ್ ದ್ರಾಕ್ಷಿಯಿಂದ ನ್ಯಾಚುರಲ್ ವೈನ್: ಮನೆಮಂದಿಯೇ ನಡೆಸೋ ಚಿಕ್ಕ ವೈನರಿಗೆ ಒಂದು ಗೈಡ್

ಲೋ ಇಂಟರ್ವೆನ್ಷನ್ ವೈನ್ (ಆದಷ್ಟು ಕಮ್ಮಿ ಕೈ ಹಾಕಿ ಮಾಡೋ ನ್ಯಾಚುರಲ್ ವೈನ್) ಅಂದ್ರೆ ದ್ರಾಕ್ಷಿ ಜಜ್ಜಿ ಟ್ಯಾಂಕಿಗೆ ಸುರಿದು ಕೈ ಕಟ್ಕೊಂಡು ಕೂತ್ರೆ ಸಾಕು, ಮಿಕ್ಕಿದ್ದೆಲ್ಲ ಪ್ರಕೃತಿ ನೋಡ್ಕೊಳ್ಳುತ್ತೆ ಅಂತ ನಂಬಿ ಶುರು ಮಾಡಿದೋರು ತುಂಬಾ ಜನ ಕೊನೆಗೆ ವಿನೆಗರ್ ಮಾಡ್ಕೊಂಡು ಕೂತಿದಾರೆ, ಅದರಲ್ಲಿ ನಾನೂ ಒಬ್ಬ. ಪ್ಯಾಕೆಟ್ ಈಸ್ಟ್ ಹಾಕಲ್ಲ, ಎನ್ಜೈಮ್ ಹಾಕಲ್ಲ, ಹುಳಿ ಪುಡಿ ಹಾಕಲ್ಲ, ಫಿಲ್ಟರ್ ಮಾಡಲ್ಲ ಅಂತ ಹಠ ಹಿಡಿದ್ರೆ ಅಷ್ಟೇ ಪ್ರಮಾಣದಲ್ಲಿ ತೊಳೆಯೋದು, ಮೂಸೋದು, ಬರೆದಿಡೋದು ಜಾಸ್ತಿ ಆಗ್ಬೇಕು. ಇದು ಮನೆಮಂದಿಗೆ ಒಗ್ಗೋ ಕೆಲಸ ಯಾಕಂದ್ರೆ ದಿನಾ ಬೆಳಗ್ಗೆ ಎದ್ದು ಟ್ಯಾಂಕ್ ಮೂಸೋಕೆ ಸಂಬಳದೋರಿಗೆ ಹೇಳಿದ್ರೆ ಎರಡು ದಿನ ಮಾಡಿ ಬಿಡ್ತಾರೆ.

ಕ್ಯಾರಿನ್ಯಾನೇ ಯಾಕೆ ಅಂತ ಮೊದಲು ಹೇಳ್ಬಿಡ್ತೀನಿ. ಸ್ಪೇನಿನ ಅರಾಗಾನ್ ಕಡೆಯ ತಳಿ, ಅಲ್ಲಿ ಮಾಸುವೆಲೊ ಅಂತಾನೂ ಕರೀತಾರೆ, ಸಾರ್ಡೀನಿಯಾದಲ್ಲಿ ಕಾರಿನ್ಯಾನೊ. 1980ರ ದಶಕದಲ್ಲೂ ಫ್ರಾನ್ಸಲ್ಲಿ ಅತಿ ಹೆಚ್ಚು ಜಾಗದಲ್ಲಿ ಬೆಳೀತಿದ್ದ ದ್ರಾಕ್ಷಿ ಇದೇ, ಆದ್ರೆ ಬೆಳೀತಿದ್ದಿದ್ದು ರುಚಿಗಲ್ಲ ಲೀಟರಿಗೆ. ಬಿಟ್ರೆ ಹೆಕ್ಟೇರಿಗೆ 20,000 ಲೀಟರ್ ಹತ್ರ ಕೊಡೋ ಬಳ್ಳಿ, ಅಷ್ಟು ಕಾಯಿ ಹೊತ್ತ ಬಳ್ಳಿಯ ವೈನು ನೀರುನೀರು, ಹುಳಿ, ಒಗರು. ಆಮೇಲೆ ಯುರೋಪಲ್ಲಿ ವೈನ್ ಮಿತಿಮೀರಿ ಬಳ್ಳಿ ಕಿತ್ತಾಕಿದೋರಿಗೆ ದುಡ್ಡು ಕೊಡೋಕೆ ಶುರು ಮಾಡಿದಾಗ ಮೊದಲು ಕೊಡಲಿ ಬಿದ್ದಿದ್ದೂ ಇದಕ್ಕೇ. ಕೀಳೋಕೂ ಸೋಮಾರಿತನ ಮಾಡಿದ ಕುಟುಂಬಗಳ ಹತ್ರ ಹಳೇ ಬಳ್ಳಿ ಉಳೀತು, ಈಗ ಚಿಲಿಯ ಮೌಲೆ, ಕ್ಯಾಟಲೋನಿಯಾದ ಪ್ರಿಯೊರಾಟ್, ಸಾರ್ಡೀನಿಯಾದ ಸುಲ್ಸಿಸ್ ಕಡೆ ಅದನ್ನೇ ಹುಡುಕ್ಕೊಂಡು ಹೋಗ್ತಾರೆ. ವಯಸ್ಸಾದ ಬಳ್ಳಿ ಕಮ್ಮಿ ಕಾಯಿ ಬಿಡುತ್ತೆ, ರಸ ಗಟ್ಟಿ ಇರುತ್ತೆ. ಜನ ಬೈತಿದ್ದ ಆ ಹುಳೀನೇ ನಮಗೆ ಬೇಕಾಗಿರೋದು, ಯಾಕಂದ್ರೆ ಹುಳಿ ಜಾಸ್ತಿ ಇದ್ದು ಪಿಎಚ್ ಕೆಳಗಿದ್ರೆ ಕೆಟ್ಟ ಬ್ಯಾಕ್ಟೀರಿಯಾ ತಲೆ ಎತ್ತೋಕೆ ಕಷ್ಟ, ಸಲ್ಫರೂ (ವೈನ್ ಕೆಡದ ಹಾಗೆ ಹಾಕೋ ಸಲ್ಫರ್ ಡೈಆಕ್ಸೈಡ್) ಕಮ್ಮಿ ಸಾಕು. ಪಿಎಚ್ 3.2ರಲ್ಲಿ ಎಷ್ಟು ಸಲ್ಫರ್ ಕೆಲಸ ಮಾಡುತ್ತೋ 3.8ರಲ್ಲಿ ಅದೇ ಕೆಲಸಕ್ಕೆ ಹೆಚ್ಚುಕಮ್ಮಿ ನಾಲ್ಕು ಪಟ್ಟು ಬೇಕು.

ತೋಟದಲ್ಲಿ ಎರಡು ವಿಷಯ. ಇದು ತಡವಾಗಿ ಚಿಗುರುತ್ತೆ ಹಾಗಾಗಿ ಹಿಮದ ಭಯ ಕಮ್ಮಿ, ಆದ್ರೆ ಬೂದಿರೋಗ ಅಂದ್ರೆ ಇದಕ್ಕೆ ಬಲು ಬೇಗ ಹತ್ಕೊಳ್ಳುತ್ತೆ. ಗೊಂಚಲು ಒತ್ತೊತ್ತಾಗಿರುತ್ತೆ, ಹೊರಗಿಂದ ಚೆನ್ನಾಗೇ ಕಾಣ್ಸುತ್ತೆ, ಬೆರಳಲ್ಲಿ ಬಿಡಿಸಿ ನೋಡಿದ್ರೆ ಮಧ್ಯದಲ್ಲಿ ಬೂದು ಬಣ್ಣದ ಪುಡಿ. ಹತ್ತು ಗೊಂಚಲಿಗೆ ಒಂದಾದ್ರೂ ಹೀಗೆ ಬಿಡಿಸಿ ನೋಡಿ, ಡೌಟ್ ಬಂದಿದ್ದನ್ನ ಅಲ್ಲೇ ಎಸೀರಿ, ಬಕೆಟ್ಟಿಗೆ ಹಾಕಿ ಆಮೇಲೆ ನೋಡೋಣ ಅನ್ಬೇಡಿ.

ಕೊಯ್ಲು ಯಾವಾಗ? ಮೀಟರಲ್ಲಿ ಬ್ರಿಕ್ಸ್ (ರಸದ ಸಕ್ಕರೆ ಅಳತೆ) 22ರಿಂದ 23.5, ಪಿಎಚ್ 3.3ರಿಂದ 3.5 ಇದ್ರೆ ನನ್ನ ಲೆಕ್ಕಕ್ಕೆ ಸರಿ, ಆದ್ರೆ ಮೀಟರ್ ಒಂದನ್ನೇ ನಂಬ್ಬೇಡಿ. ಕಾಯಿ ಬಾಯಿಗ್ ಹಾಕಿ, ರಸ ನುಂಗಿ, ಸಿಪ್ಪೆ ಮಾತ್ರ ಅಗೀರಿ, ನಾಲಗೆ ಒಣಗಿ ಅಂಟ್ಕೊಂಡ್ರೆ ಇನ್ನೂ ಕಾಯ್ಬೇಕು. ಬೀಜ ಹಸಿರಿದ್ರೂ ಕಾಯ್ಬೇಕು, ಕಂದು ಆಗಿ ಕಟುಂ ಅಂತ ಒಡೆದ್ರೆ ಆಯ್ತು. ಬೆಳಗ್ಗೆ ತಂಪಲ್ಲೇ ಕೊಯ್ದು ಮುಗಿಸಿ, ಆಳ ಕಮ್ಮಿ ಇರೋ ಕ್ರೇಟಲ್ಲಿ ತನ್ನಿ, ದೊಡ್ಡ ಡಬ್ಬಕ್ಕೆ ತುಂಬಿದ್ರೆ ಕೆಳಗಿಂದು ಜಜ್ಜಿ ದಾರೀಲೇ ಹುದುಗೋಕೆ ಶುರುವಾಗುತ್ತೆ.

ಈಗ ಹೆಪ್ಪು, ಅಂದ್ರೆ ಟ್ಯಾಂಕಲ್ಲಿ ಹುದುಗೋದನ್ನ ಶುರು ಮಾಡ್ಸೋಕೆ ಮೊದಲೇ ಹುದುಗಿಸಿಟ್ಟ ರಸ. ಕೊಯ್ಲಿಗೆ ನಾಲ್ಕೈದು ದಿನ ಮುಂಚೆನೇ ತೋಟದ ಮೂರು ಬೇರೆ ಬೇರೆ ಜಾಗದಿಂದ ಒಂದೊಂದು ಬಕೆಟ್ ಒಳ್ಳೇ ಗೊಂಚಲು ತಂದು, ಕೈಯಲ್ಲೇ ಹಿಸುಕಿ, ಬಟ್ಟೆ ಕಟ್ಟಿ ಬೆಚ್ಚಗಿರೋ ಕಡೆ ಇಡಿ, ದಿನಕ್ಕೆ ಎರಡು ಸಲ ಕಲಕಿ. ಮೂರನೇ ದಿನದ ಹೊತ್ತಿಗೆ ನೊರೆ ಬರುತ್ತೆ. ಆಮೇಲೆ ಮನೇಲಿರೋ ಎಲ್ರೂ ಮೂಸ್ಬೇಕು. ನಮ್ಮನೇಲಿ ಅಮ್ಮನ ಮೂಗೇ ಫೈನಲ್, ನನಗೆ "ಏನೋ ಹಣ್ಣಿನ ವಾಸನೆ" ಅನ್ಸಿದ್ದು ಅವರಿಗೆ ನೈಲ್ ಪಾಲಿಷ್ ರಿಮೂವರ್ ಅಂತ ಗೊತ್ತಾಗಿರುತ್ತೆ, ಆ ಬಕೆಟ್ ಸೀದಾ ಚರಂಡಿಗೆ. ಚೆನ್ನಾಗಿ ಹುದುಗ್ತಿರೋ, ಕ್ಲೀನ್ ವಾಸನೆ ಬರ್ತಿರೋ ಒಂದು ಬಕೆಟ್ ಇಟ್ಕೊಳ್ಳಿ, ಟ್ಯಾಂಕಿನ ಶೇ. 2-3ರಷ್ಟು ಹಾಕಿದ್ರೆ ಸಾಕು. ಈ ಒಂದು ಹೆಜ್ಜೆ ಬಿಟ್ಟಿದ್ದಕ್ಕೇ ನನ್ನ ಮೊದಲ ವರ್ಷದ ಟ್ಯಾಂಕು ಆರು ದಿನ ಸುಮ್ಮನೆ ಕೂತು, ಏಳನೇ ದಿನ ವಿನೆಗರ್ ವಾಸನೆ ಜೊತೆಗೇ ಎದ್ದಿದ್ದು.

ಟ್ಯಾಂಕ್ ತುಂಬೋದ್ರಲ್ಲೇ ಕ್ಯಾರಿನ್ಯಾನ್ ಪಳಗಿಸೋ ಗುಟ್ಟಿರೋದು. ಪೂರ್ತಿ ಜಜ್ಜಿ ಹಾಕಿದ್ರೆ ಒಗರು ಬಾಯಿ ಕಟ್ಟಿಸುತ್ತೆ. ಕೆಳಗೆ ಹೆಪ್ಪು ಮತ್ತೆ ಸ್ವಲ್ಪ ಜಜ್ಜಿದ ಕಾಯಿ, ಮೇಲೆ ಇಡೀ ಗೊಂಚಲು ಮೆತ್ತಗೆ ಪೇರಿಸಿ ಮುಚ್ಚಳ ಹಾಕಿ. ಕೆಳಗೆ ಹುದುಗಿದ ಗ್ಯಾಸು ಮೇಲೆ ತುಂಬಿಕೊಂಡು ಆಮ್ಲಜನಕ ಹೊರಗೆ ಹೋಗುತ್ತೆ, ಗಾಳಿ ಸಿಗದ ಇಡೀ ಕಾಯಿ ತನ್ನೊಳಗೇ, ಈಸ್ಟ್ ಇಲ್ದೇನೇ, ಶೇ. 2ರ ತನಕ ಆಲ್ಕೋಹಾಲ್ ಮಾಡ್ಕೊಳ್ಳುತ್ತೆ, ಒಳಗಿನ ಮ್ಯಾಲಿಕ್ ಹುಳೀನೂ (ಹಣ್ಣಲ್ಲೇ ಇರೋ ಒಂದು ಬಗೆಯ ಹುಳಿ) ಇಳಿಯುತ್ತೆ. ಕಾರ್ಬೋನಿಕ್ ಮ್ಯಾಸರೇಷನ್ ಅಂತ ಕರೆಯೋದು ಇದನ್ನೇ, ಫ್ರಾನ್ಸಿನ ಬೋಜೊಲೇಯ ಜೂಲ್ ಶೋವೆ ಅನ್ನೋ ವಿಜ್ಞಾನಿ-ವೈನ್ ವ್ಯಾಪಾರಿ ಕೂತು ಸ್ಟಡಿ ಮಾಡಿದ ವಿಷಯ ಇದು, ನ್ಯಾಚುರಲ್ ವೈನಿನೋರು ಇವತ್ತಿಗೂ ಅವರ ಹೆಸರು ಹೇಳ್ತಾರೆ. ಒಂದು ವಾರ ಆದ್ಮೇಲೆ ಮೇಲಿಂದ ಒಂದು ಕಾಯಿ ತಗೊಳ್ಳಿ. ಹೊರಗೆ ನೋಡಿದ್ರೆ ಕೊಯ್ದಾಗ ಹೇಗಿತ್ತೋ ಹಾಗೇ, ಹಲ್ಲಿಗೆ ಸಿಕ್ಕಿದ ತಕ್ಷಣ ಟಪ್ ಅಂತ ಸೋಡಾ ಥರ ಚುರುಗುಡುತ್ತೆ, ಒಳಗಿನ ತಿರುಳು ಗುಲಾಬಿ ಬಣ್ಣಕ್ಕೆ ತಿರುಗಿರುತ್ತೆ. ಇಷ್ಟಾದ್ರೆ ಸರಿಯಾಗಿ ನಡೀತಿದೆ ಅಂತ ಅರ್ಥ. ತೊಟ್ಟು ತುಂಬಾ ಹಸಿರಿದ್ದ ವರ್ಷ ಮಾತ್ರ ಅರ್ಧ ಕಾಯಿ ಬಿಡಿಸಿಯೇ ಹಾಕಿ, ಇಲ್ಲಾಂದ್ರೆ ಕಹಿ.

ಇದನ್ನ ತಮಾಷೆಯಾಗಿ ತಗೋಬೇಡಿ: ಒಂದು ಲೀಟರ್ ರಸ ಹುದುಗಿದ್ರೆ 40 ಲೀಟರಿಗೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಅದು ಗಾಳಿಗಿಂತ ಭಾರ, ನೆಲದ ಮೇಲೆ, ಟ್ಯಾಂಕಿನ ಒಳಗೆ ನಿಂತ್ಕೊಳ್ಳುತ್ತೆ. ಟ್ಯಾಂಕಿಗೆ ಇಳಿದೋರು ಸತ್ತಿದಾರೆ, ಅವರನ್ನ ಎತ್ತೋಕೆ ಇಳಿದೋರೂ ಸತ್ತಿದಾರೆ. ಗ್ಯಾಸ್ ಮೀಟರ್ ಇಟ್ಕೊಳ್ಳಿ, ಬಾಗಿಲು ತೆಗೆದು ಫ್ಯಾನ್ ಹಾಕಿ, ಒಬ್ಬರೇ ಯಾವತ್ತೂ ಒಳಗೆ ಹೋಗ್ಬೇಡಿ, ಮಕ್ಕಳನ್ನ ಹುದುಗೋ ರೂಮಿಗೆ ಬಿಡಲೇಬೇಡಿ.

ಎಂಟರಿಂದ ಹನ್ನೆರಡು ದಿನಕ್ಕೆ ಹಿಂಡಿ. ಇಲ್ಲಿ ಒಂದು ಮೋಸ ಇದೆ, ಕೆಳಗಿನ ರಸ ಸಕ್ಕರೆ ಮುಗಿದು ಡ್ರೈ ಆಗಿರುತ್ತೆ, ಇಡೀ ಕಾಯಿ ಹಿಂಡಿದ ತಕ್ಷಣ ಒಳಗಿದ್ದ ಸಕ್ಕರೆ ಹೊರಗೆ ಬಂದು ವೈನು ಮತ್ತೆ ಸಿಹಿ ಆಗುತ್ತೆ. ಈ ಹೊತ್ತಲ್ಲಿ ಈಸ್ಟ್ ಸುಸ್ತಾಗಿ ನಿಂತು, ಸಕ್ಕರೆ ಉಳಿದು, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಎದ್ರೆ ಅದು ಸಕ್ಕರೆ ತಿಂದು ವಿನೆಗರ್ ಹುಳಿ ಮಾಡುತ್ತೆ. ಹಾಗಾಗಿ ಹಿಂಡಿದ್ಮೇಲೆ ಟ್ಯಾಂಕ್ 20 ಡಿಗ್ರಿ ಆಸುಪಾಸು ಇರ್ಲಿ, ತೀರಾ ತಣ್ಣಗೆ ಮಾಡ್ಬೇಡಿ, ಹೈಡ್ರೋಮೀಟರ್ (ರಸದ ಸಾಂದ್ರತೆ ಅಳೆದು ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸೋ ಕೊಳವೆ) ದಿನಾ ಇಳಿಸಿ ನೋಟ್‌ಬುಕ್ಕಲ್ಲಿ ಬರೀರಿ. 0.995 ಹತ್ರ ಬರೋ ತನಕ ನಿದ್ದೆ ಇಲ್ಲ. ಎರಡು ದಿನ ಆರಕ್ಕೇರದೆ ಮೂರಕ್ಕಿಳಿಯದೆ ನಿಂತ್ರೆ ಬೇರೆ ಟ್ಯಾಂಕಲ್ಲಿ ಜೋರಾಗಿ ಹುದುಗ್ತಿರೋ ರಸ ಸ್ವಲ್ಪ ತಂದು ಸೇರಿಸಿ, ಕೊಯ್ಲು ಎರಡು ಕಂತಲ್ಲಿ ಮಾಡೋದ್ರ ಲಾಭ ಇದೇ.

ಕೊಳೆತ ಮೊಟ್ಟೆ ವಾಸನೆ ಬಂದ್ರೆ ಹೆದರ್ಬೇಡಿ, ಈಸ್ಟಿಗೆ ಸಾರಜನಕ ಸಾಲ್ದಾಗ ಹಾಗಾಗುತ್ತೆ, ಗಾಳಿ ಆಡೋ ಹಾಗೆ ಒಂದು ಸಲ ಬಗ್ಗಿಸಿ ಹಾಕಿದ್ರೆ ಸಾಮಾನ್ಯವಾಗಿ ಹೋಗುತ್ತೆ.

ಆಮೇಲೆ ಪೀಪಾಯಿ ಅಥವಾ ಸ್ಟೀಲ್ ಟ್ಯಾಂಕು, ಹಳೇ ಪೀಪಾಯಿನೇ ಇರ್ಲಿ, ಹೊಸ ಮರದ ವಾಸನೆ ಈ ದ್ರಾಕ್ಷಿಗೆ ಹೊಂದಲ್ಲ ಅಂತ ನನ್ನ ಅಭಿಪ್ರಾಯ. ಕಂಠದ ತನಕ ತುಂಬಿರ್ಬೇಕು, ವಾರಕ್ಕೊಮ್ಮೆ ನೋಡಿ ಟಾಪ್ ಅಪ್ ಮಾಡಿ. ಮ್ಯಾಲಿಕ್ ಹುಳಿ ಲ್ಯಾಕ್ಟಿಕ್ ಆಗೋಕೆ ಕೆಲವು ಸಲ ಚಳಿ ಕಳೆದು ಬಿಸಿಲು ಬರೋ ತನಕ ಕಾಯ್ಬೇಕಾಗುತ್ತೆ, ಮುಗೀತಾ ಇಲ್ವಾ ಅನ್ನೋದನ್ನ ಪೇಪರ್ ಕ್ರೊಮಟೋಗ್ರಫಿ ಕಿಟ್ಟಲ್ಲಿ ಮನೇಲೇ ನೋಡ್ಬಹುದು.

ಸಲ್ಫರ್ ವಿಷಯಕ್ಕೆ ಜನ ಜಗಳ ಆಡ್ತಾರೆ. ಯುರೋಪಲ್ಲಿ ಮಾಮೂಲಿ ಡ್ರೈ ಕೆಂಪು ವೈನಿಗೆ ಲೀಟರಿಗೆ 150 ಮಿಲಿಗ್ರಾಂ ತನಕ ಬಿಡ್ತಾರೆ, ಫ್ರಾನ್ಸಲ್ಲಿ 2020ರಲ್ಲಿ ಬಂದ "ವ್ಯಾಂ ಮೆತೋಡ್ ನತ್ಯೂರ್" ಲೇಬಲ್ಲಿಗೆ 30ರ ಒಳಗಿರ್ಬೇಕು. ನಾನು ಬಾಟಲಿಗೆ ಹಾಕೋ ಮುಂಚೆ 20 ಹಾಕ್ತೀನಿ. ಸೊನ್ನೆನೇ ಬೇಕು ಅನ್ನೋರು ಒಂದು ಟ್ಯಾಂಕಲ್ಲಿ ಮಾಡಿ ನೋಡ್ಲಿ, ಇಡೀ ವರ್ಷದ ಬೆಳೆ ಪಣಕ್ಕಿಡ್ಬೇಡಿ, ಯಾಕಂದ್ರೆ ಇಲಿ ವಾಸನೆ ಅಂತ ಒಂದು ಕಾಟ ಇದೆ. ಮೂಸಿದ್ರೆ ಏನೂ ಗೊತ್ತಾಗಲ್ಲ, ನುಂಗಿ ಹತ್ತು ಸೆಕೆಂಡ್ ಆದ್ಮೇಲೆ ಗಂಟಲ ಹಿಂದಿಂದ ಇಲಿ ಗೂಡಿನ ಥರ ಏಳುತ್ತೆ. ವೈನಿನ ಹುಳೀಲಿ ಆ ವಾಸನೆ ಹೊರಗೆ ಬರಲ್ಲ, ಜೊಲ್ಲು ಸೇರಿ ಹುಳಿ ಮುರಿದಾಗ ಮಾತ್ರ ಬರುತ್ತೆ. ಪತ್ತೆ ಮಾಡೋಕೆ ಅರ್ಧ ಗ್ಲಾಸ್ ವೈನಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮೂಸಿ, ಇದ್ರೆ ತಕ್ಷಣ ಹೊಡೆಯುತ್ತೆ. ಕೆಲವರಿಗೆ ಈ ವಾಸನೆ ಗೊತ್ತೇ ಆಗಲ್ಲ, ಹಾಗಾಗಿ ಒಬ್ಬರ ಬಾಯಿ ನಂಬ್ಬೇಡಿ.

ಬಾಟಲಿಗೆ ಹಾಕೋಕೆ ಸಕ್ಕರೆ ಲೀಟರಿಗೆ 2 ಗ್ರಾಂಗಿಂತ ಕಮ್ಮಿ ಇರ್ಬೇಕು, ಮ್ಯಾಲಿಕ್ ಮುಗಿದಿರ್ಬೇಕು, ಇಲ್ಲಾಂದ್ರೆ ಬಾಟಲಿ ಒಳಗೆ ಮತ್ತೆ ಹುದುಗಿ ಬಿರಡೆ ಹಾರುತ್ತೆ. ಒಂದು ತಿಂಗಳು ಅಲುಗಾಡಿಸದೆ ಬಿಟ್ಟು, ಗಸಿ ಕೆಳಗೆ ಕೂತ್ಮೇಲೆ, ಪೈಪಿನ ತುದಿ ಬಾಟಲಿ ತಳಕ್ಕೆ ತಾಗಿಸಿ ನಿಧಾನ ತುಂಬಿ. ಮಾರೋದಾದ್ರೆ ಲೈಸೆನ್ಸ್ ಕೆಲಸ ಕೊಯ್ಲಿಗೆ ಮುಂಚೆನೇ ಮುಗ್ಸಿರಿ.

ಮೊದಲ ಕೇಸಿನಿಂದ ಒಂದು ಬಾಟಲಿ ತೆಗೆದು ಬಿರಡೆ ಮತ್ತೆ ಹಾಕಿ ಅಡುಗೆಮನೆ ಕಟ್ಟೆ ಮೇಲಿಡಿ, ದಿನಕ್ಕೊಂದು ಗುಟುಕು ಎಲ್ರೂ ಕುಡೀರಿ. ಮೂರನೇ ದಿನವೂ ಚೆನ್ನಾಗಿದ್ರೆ ಲೇಬಲ್ ಅಂಟಿಸಿ. ಎರಡನೇ ದಿನಕ್ಕೇ ಇಲಿ ವಾಸನೆ ಬಂದ್ರೆ ಉಳಿದ ಬಾಟಲಿಗಳನ್ನ ಕತ್ತಲೆ ಮೂಲೇಲಿ ಮಲಗಿಸಿ ಆರು ತಿಂಗಳು ಬಿಟ್ಟು ಮತ್ತೆ ತೆಗೀರಿ, ಒಂದೊಂದು ಸಲ ತಾನಾಗೇ ಹೋಗಿರುತ್ತೆ.