ನಲ್ಲಿ ನೀರಿನ ವರದಿ ಓದುವುದು ಹೇಗೆ? ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ

ಮನೆ ಸಿಕ್ಕಿ ಸಾಮಾನು ಜೋಡಿಸುವಷ್ಟರಲ್ಲೇ ನಮ್ಮವರು ಕೇಳುವ ಪ್ರಶ್ನೆ: "ಇಲ್ಲಿ ನಲ್ಲಿ ನೀರು ಕುಡೀಬಹುದಾ? ಆರ್‌ಒ ಹಾಕಿಸ್ಬೇಕಾ?" ಯಾರ ಮಾತನ್ನೂ ನಂಬುವ ಮೊದಲು ನಿಮ್ಮ ಊರಿನ ನೀರಿನ ವರದಿ ತೆಗೆದು ನೋಡಿ. ನೀರು ಕೊಡುವ ಸಂಸ್ಥೆ ಪ್ರತಿ ವರ್ಷ ಜುಲೈ 1ರೊಳಗೆ ಅದನ್ನು ಕೊಡಲೇಬೇಕು. ಅದರಲ್ಲಿರುವುದು ಹಿಂದಿನ ವರ್ಷದ ಅಂಕಿಗಳು. ಬಾಡಿಗೆ ಮನೆಯಲ್ಲಿ ನೀರಿನ ಬಿಲ್ ಮಾಲೀಕರ ಹೆಸರಿಗೆ ಹೋಗುವುದರಿಂದ ವರದಿ ನಿಮ್ಮ ಕೈಗೆ ಬರದೇ ಇರಬಹುದು. ಊರಿನ ಹೆಸರಿನ ಜೊತೆ "ವಾಟರ್ ಕ್ವಾಲಿಟಿ ರಿಪೋರ್ಟ್" ಎಂದು ಹುಡುಕಿದರೆ ಸಿಗುತ್ತದೆ.

ಕೋಷ್ಟಕದಲ್ಲಿ ಗಮನಿಸಬೇಕಾದ ಕಾಲಂ ಎರಡು. ಒಂದು ಎಂಸಿಎಲ್, ಅಂದರೆ ಕಾನೂನಿನ ಮಿತಿ. ಇದನ್ನು ಮೀರಿದರೆ ಸಂಸ್ಥೆ ತಪ್ಪು ಮಾಡಿದ ಹಾಗೆ. ಇನ್ನೊಂದು ಪಿಎಚ್‌ಜಿ, ಅಂದರೆ ಪಬ್ಲಿಕ್ ಹೆಲ್ತ್ ಗೋಲ್. ಇದು ಆರೋಗ್ಯದ ಗುರಿ ಮಾತ್ರ. ಖರ್ಚೆಷ್ಟು, ಶುದ್ಧೀಕರಿಸುವ ತಂತ್ರಜ್ಞಾನ ಇದೆಯಾ ಎಂಬುದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕ್ಯಾನ್ಸರ್ ತರುವ ವಸ್ತುವಾದರೆ, 70 ವರ್ಷ ದಿನಾ ಸುಮಾರು 2 ಲೀಟರ್ ಕುಡಿದರೂ 10 ಲಕ್ಷ ಜನರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಕಾಯಿಲೆ ಬರಬಾರದು ಎಂಬ ಲೆಕ್ಕದಲ್ಲಿ ಇದನ್ನು ಇಡುತ್ತಾರೆ. ಗುರಿ ಮೀರಿದ್ದರೆ ಕಾನೂನು ಮುರಿದಂತಲ್ಲ.

ಎರಡರ ನಡುವಿನ ಅಂತರ ಕೆಲವು ಕಡೆ ಗಾಬರಿ ಹುಟ್ಟಿಸುವಷ್ಟಿದೆ. ಆರ್ಸೆನಿಕ್ ನೋಡಿ. ಕಾನೂನಿನ ಮಿತಿ 10 ಪಿಪಿಬಿ, ಅಂದರೆ ಲೀಟರಿಗೆ 10 ಮೈಕ್ರೋಗ್ರಾಂ. ಗುರಿ 0.004 ಪಿಪಿಬಿ. 2500 ಪಟ್ಟು ವ್ಯತ್ಯಾಸ! ರಾಜ್ಯದ್ದೇ ಲೆಕ್ಕದ ಪ್ರಕಾರ, 10 ಪಿಪಿಬಿ ಇರುವ ನೀರನ್ನು ಜೀವನಪೂರ್ತಿ ಕುಡಿದರೆ ಕ್ಯಾನ್ಸರ್ ಅಪಾಯ ಸಾವಿರಕ್ಕೆ 2.5. ಹೆಕ್ಸಾವೇಲೆಂಟ್ ಕ್ರೋಮಿಯಂಗೆ (ಕ್ರೋಮಿಯಂ ಲೋಹದ ವಿಷಕಾರಿ ರೂಪ) ಗುರಿ 0.02 ಪಿಪಿಬಿ, ಮಿತಿ 10. ಅದೂ ಈಗಿನ ಮಿತಿ ಜಾರಿಗೆ ಬಂದದ್ದು 2024ರ ಅಕ್ಟೋಬರಿನಲ್ಲಿ, ಗುರಿ ಇಟ್ಟು 13 ವರ್ಷ ಆದಮೇಲೆ.

"ಎನ್‌ಡಿ" (ನಾಟ್ ಡಿಟೆಕ್ಟೆಡ್, ಪತ್ತೆಯಾಗಿಲ್ಲ) ಎಂದಿದ್ದರೆ ಸೊನ್ನೆ ಎಂದುಕೊಳ್ಳಬೇಡಿ. ವರದಿಗೆ ಬರುವ ಕನಿಷ್ಠ ಮಟ್ಟಕ್ಕಿಂತ ಕೆಳಗಿದೆ ಎಂದಷ್ಟೇ ಅರ್ಥ. ಆರ್ಸೆನಿಕ್‌ನಲ್ಲಿ ಆ ಮಟ್ಟ ಗುರಿಗಿಂತ ಎಷ್ಟೋ ಮೇಲಿದೆ. ಹಾಗೆಯೇ ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಯಾವುದು, ಪಿಪಿಬಿ ಯಾವುದು ಎಂದೂ ನೋಡಿಕೊಳ್ಳಿ. ಒಂದು ಅಕ್ಷರದಲ್ಲಿ ಸಾವಿರ ಪಟ್ಟು ವ್ಯತ್ಯಾಸ ಆಗಿಬಿಡುತ್ತದೆ.

ಸೀಸದ ಕಥೆಯೇ ಬೇರೆ. ಅದು ಹೆಚ್ಚಾಗಿ ಬರುವುದು ನಿಮ್ಮದೇ ಕಟ್ಟಡದ ಪೈಪು, ನಲ್ಲಿ, ಬೆಸುಗೆಯಿಂದ. ಅದಕ್ಕೇ ಕೆಲವು ಮನೆಗಳ ನಲ್ಲಿಯಿಂದ ಮಾದರಿ ತೆಗೆಯುತ್ತಾರೆ. ಊರಿನ ವರದಿ ಚೆನ್ನಾಗಿದೆ ಎಂದ ಮಾತ್ರಕ್ಕೆ ನಿಮ್ಮ ಹಳೆಯ ಅಪಾರ್ಟ್‌ಮೆಂಟ್ ಚೆನ್ನಾಗಿದೆ ಎಂದು ಹೇಳಲಾಗದು. ಬೆಳಿಗ್ಗೆ ಸ್ವಲ್ಪ ಹೊತ್ತು ನೀರು ಬಿಟ್ಟು ಆಮೇಲೆ ಹಿಡಿಯಿರಿ. ಅನ್ನಕ್ಕೆ ಬೇಗ ಕುದಿಯಲಿ ಎಂದು ಬಿಸಿನೀರಿನ ನಲ್ಲಿ ತಿರುಗಿಸುವ ಅಭ್ಯಾಸ ಬಿಡಿ. ಬಿಸಿನೀರು ಸೀಸವನ್ನು ಜಾಸ್ತಿ ಕರಗಿಸುತ್ತದೆ.

ಊರಿನಿಂದ ಅಮ್ಮ ಬಂದರೆ ನೀರು ಕುದಿಸಿಯೇ ಕುಡಿಯುತ್ತಾರೆ, ಅಲ್ವಾ? ಕುದಿಸಿದರೆ ಕ್ರಿಮಿ ಸಾಯುತ್ತವೆ. ಸೀಸ, ಆರ್ಸೆನಿಕ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಇನ್ನೂ ಹೆಚ್ಚುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಪುಡಿ ಹಾಲು ಕಲಸುವವರು ನೈಟ್ರೇಟ್ ಸಾಲನ್ನು ಮೊದಲು ನೋಡಬೇಕು. ಅಲ್ಲಿ ಮಿತಿ, ಗುರಿ ಎರಡೂ 10 ಪಿಪಿಎಂ, ನೈಟ್ರೋಜನ್ ಲೆಕ್ಕದಲ್ಲಿ.

ಕೋಲಾರ, ಪಾವಗಡದ ಕಡೆಯವರಿಗೆ ಫ್ಲೋರೈಡ್ ಎಂದರೆ ಭಯ. ಕಾರಣ ಇದ್ದೇ ಇದೆ. ಇಲ್ಲಿ ಹಲವು ಊರುಗಳಲ್ಲಿ ಹಲ್ಲಿನ ರಕ್ಷಣೆಗೆಂದು ಅದನ್ನು ಬೇಕೆಂದೇ ಸೇರಿಸುತ್ತಾರೆ, ಲೀಟರಿಗೆ ಸುಮಾರು 0.7 ಮಿಲಿಗ್ರಾಂ. ಭಾರತದ ಮಾನದಂಡದಲ್ಲಿ 1ರೊಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸರಿ. ಕ್ಯಾಲಿಫೋರ್ನಿಯಾದಲ್ಲಿ ಗುರಿ 1, ಮಿತಿ 2.

ಮನೆ ಬಾಗಿಲಿಗೆ ಬಂದು ನಿಮ್ಮ ನೀರಿಗೆ ಎರಡು ಹನಿ ಹಾಕಿ ಬಣ್ಣ ತೋರಿಸುವವರನ್ನು ಸುಮ್ನೆ ಕಳಿಸಿಬಿಡಿ. ಸಾಮಾನ್ಯವಾಗಿ ಅವರು ತೋರಿಸುವುದು ಗಡಸುತನ ಅಥವಾ ಕ್ಲೋರಿನ್. ಫಿಲ್ಟರ್ ಬೇಕೇ ಬೇಕು ಎಂದಾದರೆ ವರದಿಯಲ್ಲಿ ಯಾವ ವಸ್ತು ಜಾಸ್ತಿ ಇದೆ ನೋಡಿ, ಅದಕ್ಕೆ ತಕ್ಕದ್ದು ತನ್ನಿ. ಸೀಸಕ್ಕಾದರೆ ಡಬ್ಬದ ಮೇಲೆ ಎನ್‌ಎಸ್‌ಎಫ್ 53 (ಫಿಲ್ಟರ್‌ಗಳ ಗುಣಮಟ್ಟದ ಮಾನದಂಡ) ಎಂದೂ, ಸೀಸ ತೆಗೆಯುತ್ತದೆ ಎಂದೂ ಇರಬೇಕು. ಎನ್‌ಎಸ್‌ಎಫ್ 42 ಮಾತ್ರ ಇದ್ದರೆ ಅದು ರುಚಿ, ವಾಸನೆಗೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವರದಿ ಇದೆ. 10,000ಕ್ಕಿಂತ ಜಾಸ್ತಿ ಸಂಪರ್ಕ ಇರುವ ಸಂಸ್ಥೆಯ ನೀರಿನಲ್ಲಿ ಯಾವುದಾದರೂ ವಸ್ತು ಗುರಿ ಮೀರಿದ್ದರೆ, ಮೂರು ವರ್ಷಕ್ಕೊಮ್ಮೆ ಅದನ್ನು ಪ್ರತ್ಯೇಕವಾಗಿ ಬರೆಯಬೇಕು. ಅಪಾಯ ಎಷ್ಟು, ಗುರಿ ಮುಟ್ಟಲು ಯಾವ ಯಂತ್ರ ಬೇಕು, ಖರ್ಚೆಷ್ಟು, ಎಲ್ಲವೂ ಅದರಲ್ಲಿರುತ್ತದೆ. ಬಹಳಷ್ಟು ವರದಿಗಳು "ಸದ್ಯಕ್ಕೆ ಬೇರೆ ಕ್ರಮ ಬೇಕಿಲ್ಲ" ಎಂದೇ ಮುಗಿಯುತ್ತವೆ. ಆದರೆ ಅದರ ಮೇಲೆ ಸಾರ್ವಜನಿಕ ವಿಚಾರಣೆ ನಡೆಸಲೇಬೇಕು. 2025ರದ್ದು ಆಗಿದೆ, ಮುಂದಿನದು 2028ಕ್ಕೆ. ವೀಸಾದ ಮೇಲಿದ್ದೇವೆ ಎಂದು ಹಿಂಜರಿಯಬೇಡಿ, ಅಲ್ಲಿ ಯಾರು ಬೇಕಾದರೂ ಮಾತಾಡಬಹುದು. ಕಡಿಮೆ ಆರ್ಸೆನಿಕ್ ಇರುವ ಬಾವಿಯಿಂದ ಜಾಸ್ತಿ ನೀರು ತೆಗೆಯಲು ಆಗುವುದಿಲ್ಲವೇ ಎಂಬಂಥ ನೇರ ಪ್ರಶ್ನೆಗೆ ಎಂಜಿನಿಯರುಗಳು ಉತ್ತರ ಕೊಡುತ್ತಾರೆ.