ಹನ್ನೊಂದು ಕೊನೆಗಳ ಬಾಕ್ಸ್ ಪ್ಲಾಟ್: ನನ್ನ ಅನುಭವ

ಶಿರಸಿಯ ಸಮೀಪದ ನಮ್ಮ ತೋಟದಲ್ಲಿ ಕೊನೆಕೊಯ್ಲು ನಡೆದ ದಿನ, ಒಂದು ಕೊನೆಯಲ್ಲಿ, ಅಂದರೆ ಅಡಿಕೆ ಗೊಂಚಲಿನಲ್ಲಿ, ಸಾಮಾನ್ಯವಾಗಿ ಎಷ್ಟು ಅಡಿಕೆ ಇರುತ್ತದೆಂದು ತಿಳಿಯಲು ಹನ್ನೊಂದು ಕೊನೆಗಳನ್ನು ಬಿಡಿಸಿ ಎಣಿಸಿದೆ. ಸರಾಸರಿ 214 ಬಂದಿತು. ಆದರೆ ಏಳು ಕೊನೆಗಳು ಅದಕ್ಕಿಂತ ಕಡಿಮೆಯವಾಗಿದ್ದವು. ಈ ಸರಾಸರಿಯನ್ನು ನಂಬಲು ಮನಸ್ಸಾಗದೆ, ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1970ರ ದಶಕದಲ್ಲಿ ಬಳಕೆಗೆ ತಂದ ಬಾಕ್ಸ್ ಪ್ಲಾಟ್, ಅಂದರೆ ಸಂಖ್ಯೆಗಳ ಹರವನ್ನು ಪೆಟ್ಟಿಗೆ ಮತ್ತು ಗೆರೆಗಳಿಂದ ತೋರಿಸುವ ಚಿತ್ರ, ಬರೆಯಲು ಕುಳಿತೆ.

ಮೊದಲು ಎಣಿಕೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದುಕೊಂಡೆ: 148, 162, 175, 181, 190, 204, 212, 220, 231, 246, 390. ನಡುವಿನ ಆರನೆಯ ಬೆಲೆಯಾದ (ಇಲ್ಲಿ ಬೆಲೆ ಎಂದರೆ ಎಣಿಸಿ ಸಿಕ್ಕ ಸಂಖ್ಯೆ) 204 ಮಧ್ಯಾಂಕ. ಅದನ್ನು ಬಿಟ್ಟು ಕೆಳಗಿನ ಐದರ ನಡುವಿನ 175 ಮೊದಲ ಚತುರ್ಥಕ (ಕಾಲುಭಾಗದ ಗುರುತು), ಮೇಲಿನ ಐದರ ನಡುವಿನ 231 ಮೂರನೆಯದು. ಮಧ್ಯಾಂಕವನ್ನು ಎರಡೂ ಭಾಗಗಳಿಗೆ ಸೇರಿಸಿದರೆ ಇವೇ 178 ಮತ್ತು 225.5 ಆಗುತ್ತವೆ; ಕಂಪ್ಯೂಟರಿನ ಉತ್ತರ ಬೇರೆಯಾದಾಗ ನಾನು ಗಾಬರಿಗೊಂಡದ್ದು ಇದಕ್ಕೇ. ಎರಡೂ ಸರಿ, ಆದರೆ ಒಂದು ಕ್ರಮವನ್ನು ಹಿಡಿದರೆ ಕೊನೆಯವರೆಗೆ ಅದನ್ನೇ ಪಾಲಿಸಬೇಕು.

175ರಿಂದ 231ರವರೆಗೆ ಪೆಟ್ಟಿಗೆ ಎಳೆದು, 204ರಲ್ಲಿ ಅಡ್ಡಗೆರೆ ಹಾಕಿದೆ. ಚತುರ್ಥಕಗಳ ಅಂತರ 56. ಅದರ ಒಂದೂವರೆ ಪಟ್ಟು 84. ಅದನ್ನು 175ರಿಂದ ಕಳೆದು, 231ಕ್ಕೆ ಕೂಡಿದರೆ ಬರುವ ಮಿತಿಗಳು 91 ಮತ್ತು 315; ಇವುಗಳಾಚೆಗಿನ ಬೆಲೆಯನ್ನು ಒಂಟಿ ಚುಕ್ಕೆಯಾಗಿ ಬೇರೆ ತೋರಿಸಬೇಕು. ಇಲ್ಲಿ ನಾನು ತಪ್ಪಿದೆ: ಪೆಟ್ಟಿಗೆಯಿಂದ ಹೊರಚಾಚುವ ಗೆರೆಯಾದ ಮೀಸೆಯನ್ನು 315ರವರೆಗೂ ಎಳೆದುಬಿಟ್ಟೆ. ಮಿತಿ ಕೇವಲ ಪರೀಕ್ಷೆಗಾಗಿ ಇರುವಂಥದ್ದು. ಮೀಸೆ ಅದರೊಳಗೆ ನಿಜವಾಗಿ ಸಿಕ್ಕ ಕಡೆಯ ಬೆಲೆಯಲ್ಲಿ, ಅಂದರೆ ಒಂದು ಬದಿ 148ರಲ್ಲಿ, ಇನ್ನೊಂದು ಬದಿ 246ರಲ್ಲಿ ನಿಲ್ಲಬೇಕು. ಮೀಸೆ ಉದ್ದವಾಗಿದ್ದರೆ ಅಲ್ಲಿ ಹೆಚ್ಚು ಕೊನೆಗಳಿವೆ ಎಂದಲ್ಲ, ಬೆಲೆಗಳು ಚದುರಿವೆ ಎಂದರ್ಥ.

390 ಮಾತ್ರ ಒಂಟಿ ಚುಕ್ಕೆಯಾಗಿ ಹೊರಗುಳಿಯಿತು. ಅದನ್ನು ಅಳಿಸುವ ಮೊದಲು ಕಾರಣ ಹುಡುಕುವುದು ನ್ಯಾಯವೆನಿಸಿ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನನ್ನು ವಿಚಾರಿಸಿದಾಗ, ಒಂದೇ ಮರದ ಎರಡು ಕೊನೆಗಳನ್ನು ಒಟ್ಟಿಗೆ ಕಟ್ಟಿ ಇಳಿಸಿದ್ದಾಗಿ ಹೇಳಿದನು. ಅಡಿಕೆ ಆಗಲೇ ಸುಲಿಯಲು ಹೋಗಿದ್ದರಿಂದ ಬೇರೆಯಾಗಿ ಎಣಿಸುವಂತಿರಲಿಲ್ಲ. ಆ ಬೆಲೆಯನ್ನು ಕೈಬಿಟ್ಟು ಮತ್ತೆ ಲೆಕ್ಕ ಹಾಕಿದೆ. ಸರಾಸರಿ 214ರಿಂದ 197ಕ್ಕೆ ಕುಸಿಯಿತು, ಮಧ್ಯಾಂಕ 204ರಿಂದ 197ಕ್ಕೆ ಮಾತ್ರ ಸರಿಯಿತು. ಎರಡೂ ಚಿತ್ರಗಳನ್ನು ಒಂದೇ ಹಾಳೆಯಲ್ಲಿಟ್ಟು, ಎಷ್ಟು ಬೆಲೆಗಳಿಂದ ಬರೆದದ್ದೆಂದು ಪೆಟ್ಟಿಗೆ ತಾನಾಗಿ ತಿಳಿಸದ ಕಾರಣ, ಒಂದರ ಕೆಳಗೆ ಹನ್ನೊಂದು, ಇನ್ನೊಂದರ ಕೆಳಗೆ ಹತ್ತು ಎಂದು ಬರೆದಿದ್ದೇನೆ.