ಬ್ರಿಜ್ ಆಟ 9.20ಕ್ಕೆ ಮುಗಿಯಬೇಕೇ?

ಇಬ್ಬಿಬ್ಬರು ಜೋಡಿಯಾಗಿ ಆಡುವ ಇಸ್ಪೀಟಾಟ ಬ್ರಿಜ್. ನಾವು ಅದನ್ನು ಆಡುವುದು ಮುಂಬೈನ ಮಾಟುಂಗದಲ್ಲಿ; ಅಲ್ಲಿ ಫಾಸ್ಟ್ ಲೋಕಲ್ ರೈಲು ನಿಲ್ಲುವುದಿಲ್ಲ. ದೂರದ ಡೊಂಬಿವಲಿಯವರು ಅದಕ್ಕಾಗಿ ದಾದರ್‌ಗೆ ಓಡಬೇಕು. ನಾನು ಮೊದಲ ಸಲ ಡೈರೆಕ್ಟರ್ (ಆಟ ನಡೆಸಿಕೊಡುವವರು) ಆಗಿ ಕೂತ ಸಂಜೆ ಆಟ ಮುಗಿದಾಗ ಗಂಟೆ 10.15. ಕೊನೆಯ ಸುತ್ತಿನಲ್ಲಿ ಡೊಂಬಿವಲಿ ಜೋಡಿ ಎಲೆಗಿಂತ ಜಾಸ್ತಿ ಗಡಿಯಾರವನ್ನೇ ನೋಡುತ್ತಿತ್ತು. ನಾನು ಮಾಡಿದ ತಪ್ಪನ್ನೇ ಈಗಲೂ ಬೇರೆಯವರು ಮಾಡುವುದನ್ನು ನೋಡುತ್ತೇನೆ: ಯೋಚಿಸುವವರನ್ನು ಅವಸರ ಮಾಡುತ್ತಾರೆ, ಹರಟುವವರನ್ನು ಸುಮ್ನೆ ಬಿಡುತ್ತಾರೆ.

ಮೊದಲು ಲೆಕ್ಕ. ಒಂದು ಬೋರ್ಡಿಗೆ, ಅಂದರೆ ನಾಲ್ವರ ಎಲೆಗಳನ್ನು ತುಂಬಿಟ್ಟು ಟೇಬಲ್‌ನಿಂದ ಟೇಬಲ್‌ಗೆ ಹೋಗುವ ತಟ್ಟೆಯ ಒಂದು ಆಟಕ್ಕೆ, ಏಳೂವರೆ ನಿಮಿಷ. ಏಳು ಟೇಬಲ್, ಏಳು ಸುತ್ತು, ಸುತ್ತಿಗೆ ಮೂರು ಬೋರ್ಡ್, ಒಟ್ಟು 21. 6.30ಕ್ಕೆ ಶುರು ಮಾಡಿ ಕಾಫಿಗೆ 10 ನಿಮಿಷ ಕೊಟ್ಟರೂ 9.20ರೊಳಗೆ ಮುಗಿಯುತ್ತದೆ.

ಎಲೆಗಳನ್ನು ಮನೆಯಲ್ಲೇ ಕಲಸಿ, ಹಂಚಿ, ಬೋರ್ಡಿಗೆ ತುಂಬಿಸಿಕೊಂಡು ಬನ್ನಿ. ಇಲ್ಲದಿದ್ದರೆ ಮೊದಲ ಸುತ್ತಿನಲ್ಲೇ ಐದಾರು ನಿಮಿಷ ಹೋಯಿತು. ಅಗ್ಗದ ಕಾಗದದ ಪ್ಯಾಕ್ ಬೇಡವೇ ಬೇಡ. ಮುಂಬೈ ಮಳೆಗಾಲದಲ್ಲಿ ಎರಡೆರಡು ಎಲೆ ಅಂಟಿಕೊಂಡು ಒಬ್ಬರ ಕೈಗೆ 14 ಬರುತ್ತವೆ. ಪೌಡರ್ ಉದುರಿಸುವ ಉಪಾಯ ಮಾಡಿ ನೋಡಿದ್ದೇನೆ, ಟೇಬಲ್ ಬಟ್ಟೆಯೆಲ್ಲ ಬೆಳ್ಳಗಾಯಿತು ಅಷ್ಟೆ. ಗಡಿಯಾರ ಎಲ್ಲರಿಗೂ ಕಾಣುವಂಥದ್ದಿರಲಿ. ಮೊಬೈಲ್ ಟೈಮರ್ ಡೈರೆಕ್ಟರ್ ಜೇಬಿನಲ್ಲಿದ್ದರೆ ಯಾರಿಗೆ ಉಪಯೋಗ?

ಎರಡನೆಯದು, ಮೊದಲ ಎಲೆ. ಕರೆ, ಅಂದರೆ ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸರದಿ) ಗೆಲ್ಲುತ್ತೇವೆಂದು ಕೂಗುವ ಹರಾಜು, ಮುಗಿದ ತಕ್ಷಣ ಏನಾಗುತ್ತದೆ ನೋಡಿ. ಲೀಡ್ ಮಾಡಬೇಕಾದವರು, ಅಂದರೆ ಮೊದಲ ಎಲೆ ಹಾಕಬೇಕಾದವರು, ಕನ್ನಡಕ ಹುಡುಕುತ್ತಾರೆ, ಪೆನ್ನು ಹುಡುಕುತ್ತಾರೆ, ಕಾಂಟ್ರಾಕ್ಟ್ (ಗೆದ್ದ ಕರೆ) ಬರೆದುಕೊಳ್ಳುತ್ತಾರೆ, ಆಮೇಲೆ ಕೈಯಲ್ಲಿರುವ ಎಲೆ ನೋಡಲು ಶುರು ಮಾಡುತ್ತಾರೆ. ಉಳಿದ ಮೂವರು ಕಾಯಬೇಕು. ಮೊದಲು ಎಲೆಯನ್ನು ಬೋರಲು ಇಡಿ, ನಂತರ ಬರೆಯಿರಿ. ನೀವು ಬರೆಯುವಷ್ಟರಲ್ಲಿ ಜೊತೆಗಾರರು ಏನಾದರೂ ಕೇಳುವುದಿದ್ದರೆ ಕೇಳಿಯಾಗುತ್ತದೆ. ಉಳಿದ ಟ್ರಿಕ್‌ಗಳು ಎದ್ದು ಕಾಣುವಂತಿದ್ದರೆ ಎಲೆ ತೋರಿಸಿ, ಹೇಗೆ ಆಡುತ್ತೀರಿ ಅಂತ ಹೇಳಿ, ಕ್ಲೇಮ್ ಮಾಡಿ, ಅಂದರೆ ಇಷ್ಟು ಟ್ರಿಕ್ ನಮ್ಮವೆಂದು ಹೇಳಿ ಆಟ ಮುಗಿಸಿ. 13ನೆಯ ಎಲೆಯವರೆಗೂ ಎಳೆಯುವುದರಲ್ಲಿ ದೊಡ್ಡಸ್ತಿಕೆ ಏನಿಲ್ಲ.

ಎಲ್ಲರೂ ಎಡವುವುದು ಸುತ್ತಿನ ಕೊನೆಯ ಐದು ನಿಮಿಷದಲ್ಲಿ. ಪ್ರತಿ ಟೇಬಲ್‌ನಿಂದ ಒಂದು ಜೋಡಿ ಮೇಲಿನ ಟೇಬಲ್‌ಗೆ ಹೋಗುತ್ತದೆ, ಬೋರ್ಡ್‌ಗಳು ಕೆಳಗಿನದಕ್ಕೆ. ಹಾಗಾಗಿ ನಾಲ್ಕನೇ ಟೇಬಲ್ ತಡ ಮಾಡಿದರೆ ಐದನೆಯದು ಜೋಡಿಗಾಗಿ ಕಾಯುತ್ತದೆ, ಮೂರನೆಯದು ಬೋರ್ಡಿಗಾಗಿ ಕಾಯುತ್ತದೆ. ಒಂದು ಕಡೆಯ ತಡಕ್ಕೆ ಮೂರು ಟೇಬಲ್ ಸ್ತಬ್ಧ. ಡೈರೆಕ್ಟರ್‌ಗೆ ಇದು ತಿಳಿಯುವಷ್ಟರಲ್ಲಿ ಅಲ್ಲಿ, “ಶೆಟ್ರೇ, ನೀವು ಆಟೀನ್ ರಾಣಿ ಹಾಕಿದ್ರೆ ಬೀಳ್ತಿತ್ತು ಅಲ್ವಾ?” ಅಂತ ಚರ್ಚೆ ಜೋರಾಗಿರುತ್ತದೆ.

ಆದ್ದರಿಂದ ಗಂಟೆ ಎರಡು ಸಲ ಹೊಡೆಯಿರಿ. ಐದು ನಿಮಿಷ ಉಳಿದಾಗ ಒಂದು, ಸುತ್ತಿನ ಸಮಯ ಮುಗಿದಾಗ ಇನ್ನೊಂದು. ಮೊದಲನೆಯದು ಕೇಳಿಸಿದ ಮೇಲೆ ಯಾರೂ ಹೊಸ ಬೋರ್ಡಿನಿಂದ ಎಲೆ ತೆಗೆಯಬಾರದು. ಗಂಟೆ ಹೊಡೆದು ಕೂರಬೇಡಿ, ತಡವಾದ ಟೇಬಲ್ ಹತ್ತಿರ ಹೋಗಿ ಮುಟ್ಟದ ಬೋರ್ಡನ್ನು ನೀವೇ ಎತ್ತಿಕೊಳ್ಳಿ. “ಬೇಗ ಆಡ್ತೀವಿ ಸರ್” ಅಂದರೆ ಕೇಳಬೇಡಿ. ನಾನು ಆ ಮೊದಲ ದಿನ ಕೇಳಿದೆ, ಆ ಒಂದು ಬೋರ್ಡ್ 11 ನಿಮಿಷ ತಿಂದಿತು. ಎಲೆ ಕೈಗೆ ತೆಗೆದುಕೊಂಡುಬಿಟ್ಟಿದ್ದರೆ ಮಾತ್ರ ಪೂರ್ತಿ ಆಡಲು ಬಿಡಿ, ನಡುವೆ ಕಿತ್ತುಕೊಳ್ಳಬೇಡಿ. ಎತ್ತಿದ ಬೋರ್ಡನ್ನು ನಾಲ್ವರಿಗೂ ಸಮಯವಿದ್ದರೆ ಕೊನೆಯಲ್ಲಿ ಆಡಿಸಬಹುದು. ಆಗದಿದ್ದರೆ ಆಡದ ಆ ಬೋರ್ಡಿಗೆ ಡೈರೆಕ್ಟರ್ ಕೊಡುವ ಹೊಂದಿಸಿದ ಅಂಕ: ತಡ ಮಾಡಿದವರಿಗೆ ಶೇ. 40, ತಪ್ಪಿಲ್ಲದವರಿಗೆ 60, ಇಬ್ಬರದೂ ಸ್ವಲ್ಪ ಸ್ವಲ್ಪ ಪಾಲಿದ್ದರೆ 50. ತಡ ಯಾರದೆಂದು ಆಗಲೇ ಗುರುತು ಹಾಕಿಕೊಳ್ಳಿ. ಮುಂದಿನ ಸುತ್ತಿನಲ್ಲಿ ಆ ಜೋಡಿ ಬೇರೆ ಟೇಬಲ್ ಸೇರಿರುತ್ತದೆ, ಎದುರಿನವರನ್ನು ತೋರಿಸಿ ನುಣುಚಿಕೊಳ್ಳುತ್ತದೆ.

ಎರಡನೆಯ ಗಂಟೆಗೆ ಎಲ್ಲರೂ ಏಳಬೇಕು. ಕಾಫಿ ನಾಲ್ಕನೇ ಸುತ್ತಾದ ಮೇಲೆ, ಟೇಬಲ್‌ಗೇ ತರಿಸಿ. ಶೆಟ್ರ ಆಟೀನ್ ರಾಣಿಯ ವಿಚಾರಣೆ ಆಗ ನಡೆಯಲಿ.